ಬಣ್ಣ ಆಮೇಲೆ ಬಳಿಯಿರಿ, ಮೊದಲು ಮಾಡು ನೋಡಿ

ಮಾನ್ಯ ಸಂಪಾದಕರೇ,

ಕಾರವಾರದ ಹಳೆಯ ಫರ್ನಿಚರ್ ಕಾರ್ಖಾನೆಯ ಕಟ್ಟಡವನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ತೆರೆಯುತ್ತಾರೆ ಎಂಬ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಜೊತೆಗೆ ಕಂಪ್ಯೂಟರಿನಲ್ಲಿ ಬಿಡಿಸಿದ ಒಂದು ಚಿತ್ರ. ಗೋಡೆಗೆ ಹಾಲುಬಿಳಿ ಬಣ್ಣ, ಅಂಗಳದಲ್ಲಿ ಹುಲ್ಲುಹಾಸು, ದೊಡ್ಡ ಕೊಡೆಗಳ ಕೆಳಗೆ ಮೇಜು, ಕಾಫಿ ಕುಡಿಯುವ ಜನ. ಆಕಾಶ ಮಾತ್ರ ಡಿಸೆಂಬರ್ ತಿಂಗಳದ್ದು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಊರಿದು. ಇಲ್ಲಿ ಕಟ್ಟಡದ ನಕ್ಷೆ ಮಾಡುವವರು ಜುಲೈ ತಿಂಗಳ ಚಿತ್ರವನ್ನೂ ಒಂದು ಬಿಡಿಸಬೇಕು ಎಂದು ನನ್ನ ಅಭಿಪ್ರಾಯ.

ಕಟ್ಟಡ ಈಗ ಖಾಸಗಿಯವರ ಕೈಯಲ್ಲಿದೆ. ಅವರ ಹೆಸರು ಹಿಡಿದು ಜಗಳ ಮಾಡಲು ಬರೆಯುತ್ತಿಲ್ಲ. ಕೆಡವುವುದಿಲ್ಲ, ಉಳಿಸುತ್ತೇವೆ ಎಂದಿದ್ದಾರಲ್ಲ, ಅದಕ್ಕೆ ಮೊದಲು ಕೈ ಮುಗಿಯುತ್ತೇನೆ. ಆದರೆ ಹೇಗೆ ಉಳಿಸುತ್ತಾರೆ ಅನ್ನುವುದರ ಬಗ್ಗೆ ನನಗೆ ಹೇಳುವುದಿದೆ.

ನಾನು ಆ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವಳು. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು ಅಲ್ಲಿ ಸೇರಿದೆ. ಬಾಗಿಲು ಹಾಕುವವರೆಗೂ ಇದ್ದೆ. ಒಂದು ಸ್ಟೂಲು ಮಾಡಲೂ ನನಗೆ ಬರುವುದಿಲ್ಲ. ರಂದಾ ಹಿಡಿದರೆ ಮೇಸ್ತ್ರಿಗಳು ನಗುತ್ತಿದ್ದರು. ಆದರೆ ಆ ಕಟ್ಟಡ ಯಾವ ತಿಂಗಳಲ್ಲಿ ಎಷ್ಟು ದುಡ್ಡು ತಿನ್ನುತ್ತದೆ ಅಂತ ನನಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಾರದು. ಆ ವೋಚರುಗಳನ್ನೆಲ್ಲ ಬರೆದದ್ದು ನಾನೇ.

ಮೊದಲು ಒಂದು ಸಣ್ಣ ತಿದ್ದುಪಡಿ. ಸುದ್ದಿಯಲ್ಲಿ ‘ಬ್ರಿಟಿಷರ ಕಟ್ಟಡ’ ಎಂದಿದೆ. ಬ್ರಿಟಿಷರ ಕಾಲದ್ದು ಹೌದು, ಬ್ರಿಟಿಷರದ್ದಲ್ಲ. ಕಟ್ಟಿಸಿದವರು ಊರಿನ ಕಟ್ಟಿಗೆ ವ್ಯಾಪಾರಿಗಳು. ಗೋಡೆ ಎಬ್ಬಿಸಿದವರು ಅಂಕೋಲಾ ಕಡೆಯ ಗೌಂಡಿಗಳು. ಮಾಡಿನ (ಛಾವಣಿಯ) ಮರಗೆಲಸ ನಮ್ಮ ಆಚಾರಿಗಳದ್ದು. ಹಳೆಯದೆಲ್ಲ ಬ್ರಿಟಿಷರದ್ದೇ ಆಗಬೇಕೆಂದು ನಾವು ಯಾಕೆ ಅಂದುಕೊಳ್ಳುತ್ತೇವೋ ಗೊತ್ತಿಲ್ಲ.

ಇಲ್ಲೇ ಯಾಕೆ ಫರ್ನಿಚರ್ ಕಾರ್ಖಾನೆ ಅಂದರೆ, ಕಾಳಿ ನದಿ. ಮೇಲೆ ಹಳಿಯಾಳ, ಯಲ್ಲಾಪುರ, ದಾಂಡೇಲಿಯ ಸಾಗವಾನಿ ಕಾಡು. ಕೆಳಗೆ ಬಂದರು. ನಡುವೆ ನದಿ. ಕದ್ರಾದಲ್ಲಿ ಅಣೆಕಟ್ಟು ಆಗುವುದಕ್ಕೆ ತುಂಬ ಹಿಂದೆ ನಾಟಾಗಳನ್ನು ಕಟ್ಟಿ ನೀರಿನಲ್ಲಿ ತೇಲಿಸಿ ತರುತ್ತಿದ್ದರು ಎಂದು ಹಿರಿಯ ಮೇಸ್ತ್ರಿಗಳು ಹೇಳುತ್ತಿದ್ದರು. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಕಾರವಾರ ಜಿಲ್ಲೆಯ ಮುಖ್ಯ ಊರಾಯಿತು. ಕಚೇರಿ, ಕೋರ್ಟು, ಶಾಲೆ ಎಲ್ಲ ಬಂದವು. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ತಮ್ಮ ಇಲ್ಲಿಗೆ ಬಂದು ಉಳಿದಿದ್ದರು ಎಂದು ನಾವು ಬೀಚಿನಲ್ಲಿ ಬೋರ್ಡು ಹಾಕಿ ಹೇಳುತ್ತೇವೆ. ಒಳ್ಳೆಯದೇ. ಆದರೆ ನ್ಯಾಯಾಧೀಶರಿಗೂ ಕೂರಲು ಕುರ್ಚಿ ಬೇಕು, ಗುಮಾಸ್ತರಿಗೆ ಮೇಜು ಬೇಕು, ಮಕ್ಕಳಿಗೆ ಬೆಂಚು ಬೇಕು. ಈ ಕಾರ್ಖಾನೆ ಹುಟ್ಟಿದ್ದು ಆ ಬೇಡಿಕೆಯಿಂದ.

ಹಳೆಯ ಆರ್ಡರ್ ರಿಜಿಸ್ಟರ್ ತೆಗೆದರೆ ಜಿಲ್ಲೆಯ ಚರಿತ್ರೆ ಬೇರೆ ಥರ ಕಾಣುತ್ತದೆ. ಶಾಲೆಯ ಡೆಸ್ಕು, ಮಸಿ ಕುಡಿಕೆಗೆ ಕುಳಿ ಇರುವುದು. ವಕೀಲರ ಪುಸ್ತಕದ ಕಪಾಟು. ಆಸ್ಪತ್ರೆಯ ಸ್ಟೂಲು. ಪ್ರವಾಸಿ ಬಂಗಲೆಗೆ ಆರಾಮ ಕುರ್ಚಿ, ಕಾಲು ಚಾಚಿ ಇಡಲು ಉದ್ದ ಕೈ ಇರುವ ಜಾತಿಯದು. ಮದುವೆಗೆ ಮಂಚ. ಯಾವುದಕ್ಕೆ ಯಾವ ಮರ ಅಂತಲೂ ಬರೆದಿದೆ. ಕುರ್ಚಿಗೆ ಸಾಗವಾನಿ, ದೊಡ್ಡ ಮನೆಯವರ ಮಂಚಕ್ಕೆ ಸೀಸಂ, ದುಡ್ಡು ಕಡಿಮೆ ಇದ್ದವರಿಗೆ ಹಲಸು, ಹೊನ್ನೆ. ಬೆನ್ನಿನ ಹಲಗೆಗೆ ಕೆತ್ತನೆ ಬೇಕೆಂದರೆ ಕುಮಟೆಯಿಂದ ಗುಡಿಗಾರರೊಬ್ಬರು ಬರುತ್ತಿದ್ದರು. ಬೆತ್ತ ಹೆಣೆಯುವ ಕೆಲಸ ಹೆಚ್ಚಾಗಿ ಮನೆಮನೆಯ ಹೆಂಗಸರದ್ದು. ಬೆತ್ತವನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹೆಣೆದು ಕೊಡುತ್ತಿದ್ದರು. ಒಂದು ಕುರ್ಚಿಗೆ ಇಷ್ಟು ಅಂತ ಕೂಲಿ. ಅವರ ಹೆಸರು ಹಾಜರಿ ಪುಸ್ತಕದಲ್ಲಿಲ್ಲ. ಬಿಡಿ ಖರ್ಚಿನ ಪುಸ್ತಕದಲ್ಲಿ ‘ಬೆತ್ತದ ಬಾಬ್ತು’ ಅಂತ ಮಾತ್ರ ಇದೆ. ಮುಂದೆ ಅಲ್ಲಿ ಮ್ಯೂಸಿಯಂ ಮಾಡಿ ಫೋಟೋ ಹಾಕುವವರಿಗೆ ಇದನ್ನು ಈಗಲೇ ಹೇಳಿಬಿಡುತ್ತೇನೆ.

1956ರ ನವೆಂಬರ್ 1ಕ್ಕೆ ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದೆವು. ಅದು ಫೈಲಿನಲ್ಲೂ ಕಾಣುತ್ತದೆ. ಅದಕ್ಕಿಂತ ಹಿಂದಿನ ಕಾಗದಗಳು ಮರಾಠಿ, ಇಂಗ್ಲಿಷು. ಕೆಲವು ಮೋಡಿ ಲಿಪಿಯವು, ಅಂದರೆ ಮರಾಠಿಯ ಹಳೆಯ ಕೂಡುಬರಹ. ಆಮೇಲೆ ನಿಧಾನವಾಗಿ ಕನ್ನಡ ಬರುತ್ತದೆ. ಕಾರ್ಖಾನೆಯ ಒಳಗೆ ಮಾತ್ರ ಮೊದಲಿಂದ ಕೊನೆವರೆಗೆ ಕೊಂಕಣಿ. ಬೈಗುಳ ಎಲ್ಲಾ ಭಾಷೆಯಲ್ಲಿ.

ಈಗ ಕಟ್ಟಡಕ್ಕೆ ಬರುತ್ತೇನೆ.

ಗೋಡೆ ಚಿರೆಕಲ್ಲಿನದು, ಎರಡು ಅಡಿಗಿಂತ ದಪ್ಪ. ಚಿರೆಕಲ್ಲನ್ನು ಗಣಿಯಲ್ಲಿ ಕೊಡಲಿಯಂಥ ಹತ್ಯಾರದಿಂದ ಕಡಿಯಬಹುದು, ಅಷ್ಟು ಮೆದು. ಹೊರಗೆ ಬಂದು ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆದರೂ ಅದು ತೂತು ತೂತಿನ ಕಲ್ಲು. ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದಕ್ಕೆ ಹೊಂದುವುದು ಸುಣ್ಣದ ಗಾರೆ. ನಮ್ಮ ಕರಾವಳಿಯ ಸುಣ್ಣ ಅಂದರೆ ಚಿಪ್ಪಿ ಸುಟ್ಟು ಮಾಡಿದ್ದು. ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿ ತೆಗೆಯುವುದನ್ನು ಕುಮಟಾ ಕಡೆಯವರು ನೋಡಿರುತ್ತಾರೆ. ಸುಣ್ಣ ಸಿಮೆಂಟಿನ ಹಾಗೆ ಒಂದು ದಿನದಲ್ಲಿ ಬಿಗಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ತಿಂಗಳುಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿಯಾದ ಮೇಲೂ ತೇವವನ್ನು ಹೊರಗೆ ಬಿಡುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಪ್ರತಿ ವರ್ಷ ಬಿಲ್ಲು ತರುತ್ತಿದ್ದ ಗೌಂಡಿ ಮೇಸ್ತ್ರಿ. ಸುಣ್ಣಕ್ಕೆ ಇಷ್ಟು ಖರ್ಚು ಯಾಕೆ ಎಂದು ನಾನು ಕೇಳಿದಾಗಲೆಲ್ಲ ಪಾಠ ಶುರುವಾಗುತ್ತಿತ್ತು.

ಮಾಡು ಇನ್ನೂ ವಿಶೇಷ. ರಸ್ತೆಯಿಂದ ನೋಡಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದಲ್ಲ, ಅದು ಅಲಂಕಾರಕ್ಕಲ್ಲ. ಪ್ರತಿ ಹಲ್ಲಿನ ಇಳಿಜಾರು ಬದಿಗೆ ಮಂಗಳೂರು ಹಂಚು, ನೆಟ್ಟಗಿರುವ ಬದಿಗೆ ಗಾಜು. ಗಾಜು ಎಲ್ಲಾ ಉತ್ತರಕ್ಕೆ ಮುಖ ಮಾಡಿದೆ. ಉತ್ತರದಿಂದ ಬರುವ ಬೆಳಕು ದಿನವಿಡೀ ಒಂದೇ ಹದದಲ್ಲಿರುತ್ತದೆ. ಪಾಲಿಶ್ ಮಾಡುವವರಿಗೆ ಅದು ಬೇಕೇ ಬೇಕು. ನೇರ ಬಿಸಿಲು ಬಿದ್ದರೆ ಹಲಗೆಯ ಗೀರು ಕಾಣುವುದಿಲ್ಲ, ಬಣ್ಣವೂ ಮೋಸ ಮಾಡುತ್ತದೆ. ಗರಗಸದ ಮುಂದೆ ನಿಂತವನಿಗೂ ಅಷ್ಟೇ. ಕಣ್ಣು ಕುಕ್ಕುವ ಬಿಸಿಲು, ಪಕ್ಕದಲ್ಲೇ ಕಪ್ಪು ನೆರಳು ಇದ್ದರೆ ಬೆರಳು ಹೋಗುತ್ತದೆ. ಈ ಥರದ ಮಾಡು ಯುರೋಪಿನ ಗಿರಣಿಗಳಲ್ಲಿ ಹುಟ್ಟಿದ್ದು. ನಮ್ಮವರು ಅದಕ್ಕೆ ಸಾಗವಾನಿ ತೊಲೆ, ಪಕಾಸಿ, ರೀಪು ಕೊಟ್ಟು ಹಂಚು ಹೊದಿಸಿದರು.

ಆದರೆ ಕಾರವಾರ ಯುರೋಪಲ್ಲ. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳು ಹುಟ್ಟಿತು ಅಂದರೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ, ಆಗಸ್ಟ್ ಎರಡನೇ ವಾರದವರೆಗೆ ಅಲ್ಲೇ. ಅಂದರೆ ಉತ್ತರದ ಗಾಜಿಗೆ ನೇರ ಬಿಸಿಲು. ಜೂನಿನಿಂದ ಮೋಡ ಇರುತ್ತದೆ, ತೊಂದರೆಯಿಲ್ಲ. ಮೇ ಒಂದು ತಿಂಗಳು ಮಾತ್ರ ಒಳಗೆ ಕಾದ ಕಾವಲಿ. ಅದಕ್ಕೆ ಪ್ರತಿ ಏಪ್ರಿಲ್ ಕೊನೆಗೆ ಗಾಜಿನ ಹೊರಮೈಗೆ ತೆಳುವಾಗಿ ಸುಣ್ಣ ಬಳಿಯುತ್ತಿದ್ದರು. ಬೆಳಕು ಬರುತ್ತಿತ್ತು, ಬಿಸಿಲು ಬರುತ್ತಿರಲಿಲ್ಲ. ಮೃಗಶಿರ ಮಳೆ ಹಿಡಿದು ಹೊಡೆದಾಗ ಆ ಸುಣ್ಣವೆಲ್ಲ ತನ್ನಷ್ಟಕ್ಕೆ ತೊಳೆದುಹೋಗುತ್ತಿತ್ತು. ತೊಳೆಯುವ ಕೂಲಿ ಇಲ್ಲ! ‘ಗಾಜಿಗೆ ಸುಣ್ಣ’ ಎಂಬ ವೋಚರ್ ಪ್ರತಿ ವರ್ಷವೂ ಇದೆ, ‘ಗಾಜು ತೊಳೆದದ್ದು’ ಎಂಬ ವೋಚರ್ ಒಂದೂ ಇಲ್ಲ. ಲೆಕ್ಕ ಬರೆಯುವವಳಿಗೆ ಇದಕ್ಕಿಂತ ಖುಷಿ ಬೇರೆ ಏನು ಬೇಕು ಹೇಳಿ.

ವರ್ಷದ ಖರ್ಚು ನಡೆಯುತ್ತಿದ್ದದ್ದು ಹೀಗೆ. ಶಿವರಾತ್ರಿ ಕಳೆದ ಮೇಲೆ ಗೋಡೆ ನೋಡುವುದು. ಎಲ್ಲಿ ಗಾರೆ ಉದುರಿದೆಯೋ ಅಲ್ಲಿ ಸುಣ್ಣ ತುಂಬುವುದು. ಏಪ್ರಿಲ್‌ನಲ್ಲಿ ಹಂಚು ಕೈಯಾಡಿಸುವ ಕೆಲಸ. ಒಡೆದ ಹಂಚು ತೆಗೆದು ಹೊಸದು ಇಡುವುದು, ಜಾರಿದ್ದನ್ನು ಸರಿಸುವುದು, ವರಲೆ (ಗೆದ್ದಲು) ಹಿಡಿದ ರೀಪು ಬದಲಿಸುವುದು. ಮೇ ಮಧ್ಯದಲ್ಲಿ ದೋಣಿ. ಒಂದು ಹಲ್ಲಿನ ಇಳಿಜಾರು ಮುಂದಿನ ಹಲ್ಲಿನ ಬುಡಕ್ಕೆ ಬಂದು ಸೇರುತ್ತದಲ್ಲ, ಅಲ್ಲಿ ನೀರು ಹರಿಯಲು ತಗಡಿನ ದೋಣಿ ಇದೆ. ಅದರಲ್ಲಿ ಎಲೆ, ಕಾಗೆ ತಂದುಹಾಕಿದ ಮೀನಿನ ಮುಳ್ಳು, ಮರದ ಹೊಟ್ಟು ಎಲ್ಲಾ ತುಂಬಿರುತ್ತದೆ. ಅದನ್ನು ಬಳಿದು, ತಗಡಿನ ಸಂದಿಗೆ ಡಾಂಬರು ಹಾಕಬೇಕು. ರೋಹಿಣಿ ಮಳೆಗೆ ಮೊದಲು ಪಶ್ಚಿಮದ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು. ಸಮುದ್ರದ ಕಡೆಯಿಂದ ಅಡ್ಡಡ್ಡ ಬರುವ ಮಳೆ ಗೋಡೆಗೆ ಬಡಿಯಬಾರದು ಅಂತ. ನಿಮ್ಮ ಅಜ್ಜಿಮನೆಯಲ್ಲೂ ಕಟ್ಟಿರುತ್ತಾರೆ. ಗಣೇಶ ಚೌತಿ ಕಳೆದು, ಮಳೆ ಹಿಂದೆ ಸರಿದ ಮೇಲೆ ತಟ್ಟಿ ಬಿಚ್ಚುವುದು. ನವರಾತ್ರಿಗೆ ಗೋಡೆಗೆ ಸುಣ್ಣ, ಆಯುಧ ಪೂಜೆಗೆ ಗರಗಸಕ್ಕೆ ಕುಂಕುಮ.

ಇದರಲ್ಲಿ ಯಾವ ಖರ್ಚೂ ದೊಡ್ಡದಲ್ಲ. ಎಲ್ಲವೂ ಸಣ್ಣ ಸಣ್ಣ ವೋಚರುಗಳು. ಹಾಗಂತ ಯಾವುದನ್ನೂ ಒಂದು ವರ್ಷ ಬಿಡುವ ಹಾಗಿರಲಿಲ್ಲ. ಧಣಿಗಳು ಜಿಪುಣರು. ನಮ್ಮ ಬೋನಸ್ಸಿಗೆ ಹತ್ತು ಸಲ ಓಡಾಡಿಸುತ್ತಿದ್ದರು. ಆದರೆ ಹಂಚಿನ ಬಿಲ್ಲಿಗೆ ಒಂದು ದಿನವೂ ತಡ ಮಾಡಿದವರಲ್ಲ. ಕಟ್ಟಡದ ಒಳಗೆ ಒಣಗಲು ಇಟ್ಟ ಹಲಗೆ ಇರುತ್ತಿತ್ತು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅನ್ನುವುದು ಬಡಗಿಗಳ ಲೆಕ್ಕ. ಹಲಗೆಗಳ ನಡುವೆ ಪಟ್ಟಿ ಇಟ್ಟು, ಗಾಳಿ ಆಡುವ ಹಾಗೆ ಪೇರಿಸಿ ಇಡುತ್ತಾರೆ. ಮಾಡು ಒಂದು ಕಡೆ ಸೋರಿದರೆ ಅಷ್ಟು ವರ್ಷದ ಒಣಗುವಿಕೆ ಹಾಳು. ಹೀಗಾಗಿ ಮಾಡು ನೋಡಿಕೊಳ್ಳುವುದು ಅವರಿಗೆ ಪರಂಪರೆಯ ಪ್ರಶ್ನೆ ಆಗಿರಲಿಲ್ಲ, ಬಂಡವಾಳದ ಪ್ರಶ್ನೆಯಾಗಿತ್ತು. ಕಾಫಿ ಮಾರುವವರಿಗೆ ಅಂಥ ಹೆದರಿಕೆ ಇರುವುದಿಲ್ಲ. ಮೇಜನ್ನು ಆಚೆ ಸರಿಸಿ ಬಕೆಟ್ ಇಟ್ಟರಾಯಿತು, ಅಲ್ವಾ?

ಕಾರ್ಖಾನೆ ಮುಚ್ಚಿದ್ದಕ್ಕೆ ಊರಿನಲ್ಲಿ ಬೇರೆ ಬೇರೆ ಕತೆಗಳಿವೆ. ಅಣ್ಣತಮ್ಮಂದಿರ ಜಗಳ, ಯೂನಿಯನ್, ವಾಸ್ತು ದೋಷ. ನನ್ನ ಪುಸ್ತಕದಲ್ಲಿ ಕಾಣುವುದು ಒಂದೇ, ಮರದ ರೇಟು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾಯಿತು. ನಮ್ಮಲ್ಲಿ ಚಾ ಹೊತ್ತಿಗೆ ಎರಡು ಪಂಗಡ. ‘ಅವರು ಮರ ಅಪ್ಪಿಕೊಂಡರೆ ನಾವು ಏನು ಅಪ್ಪಿಕೊಳ್ಳೋದು?’ ಎಂದು ಹಿರಿಯ ಮೇಸ್ತ್ರಿ. ಶಿರಸಿ ಕಡೆಯಿಂದ ಬಂದ ಪಾಲಿಶ್ ಹುಡುಗ ಒಬ್ಬನಿದ್ದ. ‘ನಮ್ಮೂರ ಹಳ್ಳ ಹೋಳಿಹುಣ್ಣಿಮೆಗೇ ಬತ್ತುತ್ತಿದೆ, ಅದನ್ನು ಯಾರು ತುಂಬಿಸ್ತಾರೆ?’ ಎಂದು ಅವನು. ಇಬ್ಬರೂ ಮಾತು ಬಿಟ್ಟು ಒಂದು ವಾರ ಆದ ಮೇಲೆ ಒಂದೇ ಬೀಡಿ ಹಂಚಿಕೊಂಡದ್ದನ್ನೂ ನೋಡಿದ್ದೇನೆ. ಕಾಡು ಕಡಿದದ್ದು ಜಾಸ್ತಿಯೇ ಆಗಿತ್ತು. ಈ ಕಟ್ಟಡದ ಚರಿತ್ರೆ ಬರೆಯುವವರು ಅದನ್ನು ಬಿಟ್ಟು ಬರೆಯಬಾರದು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ಕೇಂದ್ರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯುವಂತಿಲ್ಲ ಎಂದಾಯಿತು. ಅಷ್ಟು ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿ ಬಂದು ಮದುವೆ ಮನೆ, ಶಾಲೆ, ಪಂಚಾಯ್ತಿ ಎಲ್ಲಾ ಹಿಡಿದಾಗಿತ್ತು. ನಮ್ಮ ಒಂದು ಕುರ್ಚಿಯ ದುಡ್ಡಿಗೆ ಅವು ಒಂದು ಟೆಂಪೋ ತುಂಬ ಬರುತ್ತಿದ್ದವು. ಉತ್ಪ್ರೇಕ್ಷೆ ಸ್ವಲ್ಪ ಇರಬಹುದು, ಜಾಸ್ತಿ ಇಲ್ಲ.

ಬಾಗಿಲು ಹಾಕಿದ ಮೇಲೆ ಕಟ್ಟಡ ಗೋಡೌನ್ ಆಯಿತು. ಮೊದಲು ನಿಂತದ್ದು ದೋಣಿ ಬಳಿಯುವ ಕೆಲಸ. ಯಾರ ಕಣ್ಣಿಗೂ ಕಾಣದ ಜಾಗ ಅದು. ನೀರು ಕಟ್ಟಿಕೊಂಡಿತು, ತಗಡು ತೂತಾಯಿತು, ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಕೊಳೆಯಿತು. ಸಾಗವಾನಿಯ ತಿರುಳಿನಲ್ಲಿ ವರಲೆಗೆ ಆಗದ ಎಣ್ಣೆಯಂಥ ಅಂಶವಿದೆ, ನಿಜ. ಆದರೂ ವರ್ಷವಿಡೀ ಹಸಿಯಾಗಿದ್ದರೆ ಸಾಗವಾನಿಯೂ ಮರವೇ. ಆಮೇಲೆ ಪಶ್ಚಿಮದ ಗೋಡೆ ಉದುರುತ್ತಿದೆ ಎಂದು ಬಾಡಿಗೆಯವರು ಸಿಮೆಂಟ್ ಪ್ಲಾಸ್ಟರ್ ಹೊಡೆಸಿದರು. ಕೆಲವು ವರ್ಷ ಚೆಂದ ಕಂಡಿತು. ಒಳಗೆ ಸೇರಿದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ನೀರಿನ ಜೊತೆಗೆ ಸಮುದ್ರದ ಗಾಳಿಯ ಉಪ್ಪು. ನೀರು ಆರಿದಾಗ ಉಪ್ಪು ಕಲ್ಲಿನ ತೂತಿನಲ್ಲೇ ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಈಗ ಹೋಗಿ ನೋಡಿ. ಪ್ಲಾಸ್ಟರ್ ಹಲಗೆ ಹಲಗೆಯಾಗಿ ಎದ್ದು ಬಂದಿದೆ, ಹಿಂದೆ ಚಿರೆಕಲ್ಲು ಕೈಯಲ್ಲಿ ಉದುರುತ್ತದೆ. ಪೂರ್ವದ ಗೋಡೆಯನ್ನು ಯಾರೂ ಮುಟ್ಟಲಿಲ್ಲ. ಅದು ಕಪ್ಪು ಪಾಚಿ ಹಿಡಿದು ಕೊಳಕಾಗಿದೆ, ಆದರೆ ಗಟ್ಟಿ ಇದೆ.

ಇಷ್ಟು ಕಣ್ಣ ಮುಂದೆ ಇದ್ದೂ, ಹೊಸ ಯೋಜನೆಯಲ್ಲಿ ಹೊರಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ‘ನೀರು ತಡೆಯುವ’ ಬಣ್ಣ ಎಂದು ಸುದ್ದಿಯಲ್ಲಿದೆ. ಉತ್ತರದ ಗಾಜು ತೆಗೆದು ತಗಡು ಮುಚ್ಚಿ, ಒಳಗೆ ಫಾಲ್ಸ್ ಸೀಲಿಂಗ್ ಹಾಕಿ ಎಸಿ ಕೂರಿಸುತ್ತಾರಂತೆ. ಹಾಗಾದರೆ ಉಳಿಸುವುದು ಏನನ್ನು? ಬೆಳಕಿಗೋಸ್ಕರ ಹುಟ್ಟಿದ ಮಾಡು ಅದು. ಫಾಲ್ಸ್ ಸೀಲಿಂಗಿನ ಕೆಳಗೆ ಕೂತವನಿಗೆ ತಾನು ಕಾರವಾರದಲ್ಲಿದ್ದೇನೋ ಹುಬ್ಬಳ್ಳಿಯ ಮಾಲ್‌ನಲ್ಲಿದ್ದೇನೋ ಗೊತ್ತಾಗುವುದಿಲ್ಲ. ಮೇಲಾಗಿ ಸೀಲಿಂಗ್ ಹಾಕಿದರೆ ಎಲ್ಲಿ ಸೋರುತ್ತಿದೆ ಎಂದೂ ಕಾಣುವುದಿಲ್ಲ. ಕಾಣದ ಸೋರಿಕೆಗೆ ಯಾರೂ ವೋಚರ್ ಬರೆಯುವುದಿಲ್ಲ.

ಇದು ಆಗದ ಕೆಲಸ, ಹಳೇ ಕಾಲದ ಸಾಮಾನು ಈಗ ಎಲ್ಲಿ ಸಿಗುತ್ತದೆ ಎಂದು ಎಂಜಿನಿಯರರು ಹೇಳಬಹುದು. ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಕೆಲಸ ಈಗ ಸಣ್ಣದಾಗಿದೆ, ಆದರೆ ಸತ್ತಿಲ್ಲ. ಅದಕ್ಕಿಂತ ಮುಖ್ಯ, ಹೆದ್ದಾರಿ ಅಗಲ ಮಾಡುವಾಗ, ಹಳೆ ಮನೆ ಕೆಡವಿ ಸ್ಲ್ಯಾಬ್ ಹಾಕುವಾಗ ಇಳಿಸಿದ ಹಂಚು ಭಟ್ಕಳದಿಂದ ಮಾಜಾಳಿವರೆಗೆ ಎಷ್ಟೋ ಹಿತ್ತಲುಗಳಲ್ಲಿ ಪೇರಿಸಿಟ್ಟಿದೆ. ಮಗುಚಿ ನೋಡಿದರೆ ಅಡಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಅಚ್ಚು ಬೇರೆಯಾದರೆ ಹಂಚಿನ ಕೊಂಡಿ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಹೀಗಾಗಿ ಒಂದೇ ಹೆಸರಿನದನ್ನು ಆರಿಸಿ ಒಂದು ಹಲ್ಲಿಗೆ ಹಾಕಬೇಕು. ಹಳೆ ಮನೆಗಳ ತೊಲೆ, ಕಂಬ, ಬಾಗಿಲುವಾಡ ಎಲ್ಲ ಗೋವಾದ ಅಂಗಡಿಗಳಿಗೆ ಹೋಗುತ್ತಿದೆ. ಅದರಲ್ಲಿ ನಾಲ್ಕು ತೊಲೆ ಇಲ್ಲಿಗೆ ಬಂದರೆ ಹೊಸ ಮರ ಕಡಿಯುವುದೇ ಬೇಡ. ಎಷ್ಟೋ ದಶಕ ಒಣಗಿದ ಮರ, ಇನ್ನು ಸೊಟ್ಟಗಾಗುವುದಿಲ್ಲ. ತೊಲೆಯನ್ನು ಇಡೀ ಬದಲಿಸುವುದೂ ಬೇಡ. ಕೊಳೆತ ತುದಿ ಮಾತ್ರ ಕೊಯ್ದು, ಹೊಸ ತುಂಡನ್ನು ಓರೆಯಾಗಿ ಬೆಸೆದು ಮರದ ಮೊಳೆ ಹೊಡೆಯುವುದು ನಮ್ಮ ಆಚಾರಿಗಳಿಗೆ ಗೊತ್ತಿರುವ ಕೆಲಸ. ಮೀನುಗಾರರ ದೋಣಿ ಕಟ್ಟುವವರಿಗೂ ಗೊತ್ತು.

ನನ್ನ ತಮ್ಮನ ಮಗ ಜರ್ಮನಿಯ ಡ್ರೆಸ್ಡನ್‌ನಲ್ಲಿದ್ದಾನೆ. ನನಗೆ ಫರ್ನಿಚರ್ ಕಾರ್ಖಾನೆಯ ಹುಚ್ಚು ಇದೆ ಎಂದು ಅಲ್ಲಿನ ಹೆಲ್ಲೆರಾವ್ ಎಂಬ ಕಡೆಯ ಫೋಟೋ ಕಳಿಸಿದ್ದ. ಕಾರ್ಲ್ ಶ್ಮಿಟ್ ಎಂಬ ಬಡಗಿ 1898ರಲ್ಲಿ ಶುರು ಮಾಡಿದ ಫರ್ನಿಚರ್ ಕಂಪನಿಯದು. 1910ರ ಸುಮಾರಿಗೆ ಅಲ್ಲಿ ಕಾರ್ಖಾನೆ ಕಟ್ಟಿದರು. ನಕ್ಷೆ ಮಾಡಿದವರು ರಿಚರ್ಡ್ ರೀಮರ್‌ಶ್ಮಿಟ್. ಆ ಕಟ್ಟಡವನ್ನು ಮೇಲಿಂದ ನೋಡಿದರೆ ಬಡಗಿಗಳು ಹಲಗೆ ಅಂಟಿಸಿ ಬಿಗಿಯುವ ಕ್ಲ್ಯಾಂಪಿನ ಆಕಾರ! ನಮ್ಮ ಮೇಸ್ತ್ರಿಗಳು ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ. ಯುದ್ಧ ಬಂತು, ಸರ್ಕಾರ ವಶಪಡಿಸಿಕೊಂಡಿತು, 1992ರಲ್ಲಿ ಮತ್ತೆ ಖಾಸಗಿಯಾಯಿತು. ಈಗ ಹಳೆ ಕಟ್ಟಡ ರಿಪೇರಿಯಾಗಿ ಕಚೇರಿಗಳಿಗೆ ಬಾಡಿಗೆಗೆ ಹೋಗಿದೆ, ಸಭೆ ಸಮಾರಂಭಗಳೂ ನಡೆಯುತ್ತವೆ. ಕಂಪನಿ ಅಲ್ಲೇ ಪಕ್ಕದಲ್ಲಿ ಹೊಸ ಕಟ್ಟಡ ಕಟ್ಟಿಕೊಂಡು ಇವತ್ತಿಗೂ ಮರಗೆಲಸ ಮಾಡುತ್ತಿದೆ. ನಾವು ಜರ್ಮನಿ ಆಗಬೇಕಿಲ್ಲ. ಆದರೆ ಬಾಡಿಗೆಯೂ ಬರಬಹುದು, ಉಳಿ ಸದ್ದೂ ಕೇಳಬಹುದು ಎಂಬುದಕ್ಕೆ ಅದು ಸಾಕ್ಷಿ.

ಹಾಗಾಗಿ ಕಾಫಿ ಬೇಡ ಎಂದು ನಾನು ಹೇಳುವುದಿಲ್ಲ. ಕಾಫಿಯ ಬಾಡಿಗೆ ಬರಲಿ. ಮಾಡಿನ ಒಂದೆರಡು ಹಲ್ಲಿನ ಕೆಳಗಿನ ಜಾಗವನ್ನು ಮಾತ್ರ ಬಡಗಿಗಳಿಗೆ, ಬೆತ್ತ ಹೆಣೆಯುವವರಿಗೆ ಬಿಟ್ಟುಕೊಡಿ. ಹೊಸ ಫರ್ನಿಚರ್ ಮಾಡದಿದ್ದರೂ ಹಳೆಯದರ ರಿಪೇರಿಯೇ ಬೇಕಾದಷ್ಟಿದೆ. ನಮ್ಮ ಕಾರ್ಖಾನೆಯ ಕುರ್ಚಿಗಳು ಜಿಲ್ಲೆಯ ಕಚೇರಿ, ಶಾಲೆಗಳ ಮೂಲೆಯಲ್ಲಿ ಇವತ್ತಿಗೂ ಇವೆ. ಬೆತ್ತ ಹರಿದಿದೆ, ಮೇಲೆ ಪ್ಲೈವುಡ್ ಹೊಡೆದು ಕೂರುತ್ತಾರೆ. ಚಂಡೀಗಡದಲ್ಲಿ ಏನಾಯಿತು ಎಂದು ಓದಿದವರಿಗೆ ನೆನಪಿರಬಹುದು. ಆ ಊರು ಕಟ್ಟಿದ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಪಿಯೆರ್ ಜೆನರೆ ಸರ್ಕಾರಿ ಕಚೇರಿಗೆಂದು ಮಾಡಿಸಿದ ಸಾಗವಾನಿ ಕುರ್ಚಿಗಳನ್ನು ಗುಜರಿಗೆ ಹಾಕಿದರು. ಅವೇ ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದವು. ಆಮೇಲೆ 2011ರಲ್ಲಿ ಕೇಂದ್ರ ಗೃಹ ಇಲಾಖೆ ಮಾರಬೇಡಿ ಎಂದು ಆದೇಶ ಮಾಡಿತು. ನಮ್ಮ ಕುರ್ಚಿಗೆ ಅಷ್ಟು ಬೆಲೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬೆತ್ತ ಹಾಕಿಸಿ ಕೂತರೆ ಸಾಕು.

ನನ್ನ ಮುಖ್ಯ ಬೇಡಿಕೆ ಒಂದೇ. ಯೋಜನೆಯ ಅಂದಾಜು ಪಟ್ಟಿಯಲ್ಲಿ ಕಟ್ಟುವ ಖರ್ಚು ಇದೆ, ಉದ್ಘಾಟನೆಯ ಖರ್ಚೂ ಇರುತ್ತದೆ. ಆದರೆ ಎರಡನೇ ವರ್ಷದ ಏಪ್ರಿಲ್‌ನಲ್ಲಿ ಹಂಚು ಕೈಯಾಡಿಸುವವರಿಗೆ ಯಾರು ಕೊಡುತ್ತಾರೆ? ದೋಣಿ ಯಾರು ಬಳಿಯುತ್ತಾರೆ? ಅದನ್ನು ಈಗಲೇ ಬರೆದು ಸಹಿ ಹಾಕಲಿ. ಬಾಡಿಗೆಯ ಇಷ್ಟು ಪಾಲು ಬೇರೆ ಖಾತೆಗೆ ಹೋಗಬೇಕು, ಅದನ್ನು ಮಾಡಿಗೂ ಗೋಡೆಗೂ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದು. ಹಣ ಕಡಿಮೆ ಬಿದ್ದರೆ ಹುಲ್ಲುಹಾಸು ಬಿಡಲಿ, ಬಣ್ಣ ಬಿಡಲಿ, ಗೇಟಿನ ಹತ್ತಿರದ ಕಾರಂಜಿಯನ್ನು ದಯವಿಟ್ಟು ಬಿಡಲಿ. ಈ ಮಳೆಗಾಲಕ್ಕೆ ಮೊದಲು ದೋಣಿಗಳನ್ನು ಬಳಿದು, ಗಾಜು ಒಡೆದ ಕಡೆ ತಾತ್ಕಾಲಿಕವಾಗಿ ಟಾರ್ಪಾಲಿನ್ ಕಟ್ಟಿದರೂ ಇನ್ನೊಂದು ವರ್ಷ ಯೋಚನೆ ಮಾಡಲು ಸಮಯ ಸಿಗುತ್ತದೆ. ಪಶ್ಚಿಮದ ಸಿಮೆಂಟನ್ನು ನಿಧಾನವಾಗಿ ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಬರಿದೇ ಬಿಟ್ಟು ಒಣಗಿಸಬೇಕು. ಆಮೇಲೆ ಸುಣ್ಣದ ಗಾರೆ. ಗುತ್ತಿಗೆದಾರರಿಗೆ ಈ ಕಾಯುವ ಕೆಲಸ ಇಷ್ಟವಾಗುವುದಿಲ್ಲ, ಗೊತ್ತು. ಮಾರ್ಚ್ 31ರೊಳಗೆ ಬಿಲ್ಲು ಆಗಬೇಕೆಂಬ ಅವಸರ ನನಗೂ ಚೆನ್ನಾಗಿ ಗೊತ್ತು.

ಕಾರ್ಖಾನೆ ಮುಚ್ಚಿದಾಗ ರದ್ದಿಗೆ ಹೋಗಬೇಕಿದ್ದ ರಿಜಿಸ್ಟರುಗಳನ್ನು ಧಣಿಗಳ ಒಪ್ಪಿಗೆ ಕೇಳಿ ನಾನು ಮನೆಗೆ ತಂದಿದ್ದೇನೆ. ಆರ್ಡರ್ ಪುಸ್ತಕ, ಸ್ಟಾಕ್ ಪುಸ್ತಕ, ಕಟ್ಟಡ ರಿಪೇರಿಯ ವೋಚರುಗಳು. ಯಾವ ಹಲ್ಲಿನ ಮಾಡು ಯಾವ ವರ್ಷ ಹೊಸದಾಯಿತು, ಯಾವ ತೊಲೆ ಬದಲಾಯಿತು ಎಲ್ಲಾ ಅದರಲ್ಲಿದೆ. ದುರಸ್ತಿಯ ಎಂಜಿನಿಯರರು, ಗೌಂಡಿಗಳು ಯಾರೇ ಬಂದರೂ ತೋರಿಸುತ್ತೇನೆ. ಮೋಡಿ ಓದಬಲ್ಲವರು ಯಾರಾದರೂ ಇದ್ದರೆ ಅವರಿಗೆ ಚಾ ಜೊತೆಗೆ ಶಿರಾ ಕೂಡ ಮಾಡಿಕೊಡುತ್ತೇನೆ, ಏಕೆಂದರೆ ಮೊದಲ ಎರಡು ಪುಸ್ತಕ ನನಗೆ ಓದಲು ಬರುವುದಿಲ್ಲ. ವಿಳಾಸ ನಿಮ್ಮ ಕಚೇರಿಗೆ ಬರೆದು ಕಳಿಸಿದ್ದೇನೆ, ಕೇಳಿದವರಿಗೆ ಕೊಡಿ. ಪುಸ್ತಕಗಳನ್ನು ಇಲ್ಲೇ ಕೂತು ನೋಡಬೇಕು, ಮನೆಗೆ ಒಯ್ಯಲು ಕೊಡುವುದಿಲ್ಲ.

ಇಂತಿ,
ಕಾರ್ಖಾನೆಯ ಹಳೆಯ ಲೆಕ್ಕದ ಗುಮಾಸ್ತೆ,
ಕೋಡಿಬಾಗ, ಕಾರವಾರ